ಮೂರನೇ ಕುಳಿಯ ಕರಕಿ

ಗೋಣಿತಟ್ಟನ್ನು ನೀರಲ್ಲಿ ಅದ್ದಿ, ಹಿಂಡಿ, ನೆಲದ ಮೇಲೆ ಹಾಸಬೇಕು. ಒಂದು ತುದಿ ಮಾಣಿಕಮ್ಮನ ಕೈಯಲ್ಲಿ, ಇನ್ನೊಂದು ಕುಲ್ಸುಮ್ ಬೀಯ ಕೈಯಲ್ಲಿ. ತಟ್ಟಿನ ಕೆಳಗೆ ಈಗಷ್ಟೇ ನೆಟ್ಟ ಕರಕಿಯ, ಅಂದರೆ ಗರಿಕೆ ಹುಲ್ಲಿನ, ಎಳೆಗಳಿದ್ದವು. ಅವು ಬೇರು ಬಿಡದಿದ್ದರೆ ಮಾಣಿಕಮ್ಮನ ಕೆಲಸ ಹೋಗುತ್ತಿತ್ತು.

ಹುಮನಾಬಾದಿನ ಊರಾಚೆ, ಬದ್ರುದ್ದೀನ್ ಸಾಹೇಬರ ಬಂಗಲೆಯ ಹಿಂದಿನ ಗಾಲ್ಫ್ ಮೈದಾನವದು. ನಿಜಾಮರ ಆಳ್ವಿಕೆ ಮುಗಿದ ಮೇಲಿನ ಮೊದಲ ಬೇಸಿಗೆ. ಆಡಲು ಬರುವ ಅಧಿಕಾರಿಗಳೆಲ್ಲ ಹೊಸಬರು. ಮೈದಾನ ಸುಟ್ಟು ಕೆಂಪಗಾಗಿತ್ತು. ಚೆಂಡು ಬೀಳುವ ಕುಳಿಗಳ ಸುತ್ತ ಮಾತ್ರ ಹಸಿರು, ಆ ಹಸಿರನ್ನು ಉಳಿಸಿದವಳು ಕುಲ್ಸುಮ್ ಬೀ.

ಕೊಹಿನೂರಿನ ಒಕ್ಕಲಿಗರ ಮನೆಯಿಂದ ಸೊಸೆಯಾಗಿ ಬಂದ ಮಾಣಿಕಮ್ಮ ನಿನ್ನೆಯಷ್ಟೇ ಕೂಲಿಗೆ ಸೇರಿದ್ದಳು. ಕುಲ್ಸುಮ್ ಬೀ ಕಳೆ ಕೀಳುವ ಖುರ್ಪಿ ಕೊಟ್ಟು, "ಕಸ ತೆಗಿ, ಬೇಟಿ" ಎಂದು ನಮಾಜಿಗೆ ಹೋದಳು. ತವರಲ್ಲಿ ಕಸವೆಂದರೆ ಮೊದಲು ಕರಕಿ. ಒಂದು ಗಂಟು ಉಳಿದರೂ ಜೋಳದ ಹೊಲವನ್ನೇ ನುಂಗುವ ಹುಲ್ಲು. ಅದನ್ನು ಬೇರುಸಹಿತ ತೆಗೆದವಳೇ ಗಟ್ಟಿಗಿತ್ತಿ. ಮಾಣಿಕಮ್ಮ ಮಂಡಿಯೂರಿ, ಮೂರನೇ ಕುಳಿಯ ಪಕ್ಕ ಕೌದಿಯಷ್ಟಗಲದ ಕರಕಿಯನ್ನು ಒಂದೆಳೆ ಬಿಡದೆ ಕಿತ್ತಳು. ಮತ್ತೆ ಚಿಗುರಬಾರದೆಂದು ಬಿಸಿಲಿಗೆ ಹರವಿದಳು ಕೂಡ.

ನೀರು ಹೊರುವ ಹಬೀಬ್ ಹೆಗಲಿನ ತೊಗಲಿನ ನೀರುಚೀಲ, ಮಶಕ, ಇಳಿಸಿ ಗಹಗಹಿಸಿ ನಕ್ಕ. "ಭಲೆ! ಹೊಲಾ ಹಸನಾತು. ಇನ್ನ ಜ್ವಾಳಾ ಬಿತ್ತೂದೊಂದೇ ಬಾಕಿ. ಐತವಾರ ಸಾಹೇಬರಿಗಿ ಸೀತೆನಿ ಸುಟ್ಟು ಕೊಡೂಣು!"

ನಮಾಜು ಮುಗಿಸಿ ಬಂದ ಕುಲ್ಸುಮ್ ಬೀ ನಗಲಿಲ್ಲ, ಬೈಯಲೂ ಇಲ್ಲ. ಬೋಳು ನೆಲವನ್ನು ಅಂಗೈಯಿಂದ ಮುಟ್ಟಿದಳು. "ಇಲ್ಲಿ ಕರಕಿನೇ ಬೆಳಿ, ಬೇಟಿ. ಜೇಕು ಕಸ. ನಾನೂ ಹೇಳಿ ಹೋಗ್ಬೇಕಿತ್ತು. ಹೊಸಾ ಕರಕಿ ಹತ್ತಿದ್ರ ಛಲೋ, ಹತ್ತಲಿಲ್ಲಂದ್ರ ಸಾಹೇಬರ ಮುನ್ಶಿ ನಿನ್ನ ಇಟ್ಕೊಳ್ಳಾಂಗಿಲ್ಲ."

ಅಂದೇ ಸಂಜೆಯ ಮೋಟಾರಿಗೆ ಕುಲ್ಸುಮ್ ಬೀ ತನ್ನ ತವರೂರಾದ ಕಲ್ಯಾಣಕ್ಕೆ ಹೋಗಿ, ಬೆಳಗಿನ ಮೋಟಾರಿಗೆ ಮರಳಿದಳು. ಒದ್ದೆ ಬಟ್ಟೆಯ ಗಂಟಿನಲ್ಲಿ ತ್ರಿಪುರಾಂತ ಕೆರೆಯ ದಂಡೆಯ ಹಸಿ ಕರಕಿ. "ದನಾ ತುಳಿದ್ರೂ ಸಾಯಾಂಗಿಲ್ಲ ಇದು," ಎಂದು ಎಳೆಎಳೆಯಾಗಿ ನೆಟ್ಟಳು. ಆ ಎಳೆಗಳ ಮೇಲೆಯೇ ಈಗ ತಟ್ಟು ಹಾಸಿದ್ದು.

ಮುಂದಿನ ದಿನಗಳಲ್ಲಿ ಮಾಣಿಕಮ್ಮ ಬಾಯಿ ಬಿಡದೆ ನೋಡುತ್ತಲೇ ಇದ್ದಳು. ಕುಲ್ಸುಮ್ ಬೀ ಸೂರ್ಯ ಮೂಡುವ ಮೊದಲೇ ನೀರು ಬಿಡುತ್ತಿದ್ದಳು, ಮಗುವಿಗೆ ಒಳಲೆಯಲ್ಲಿ ಹಾಲು ಕುಡಿಸುವಷ್ಟು ನಿಧಾನವಾಗಿ. ಬೆರಳು ಚುಚ್ಚಿ ಆಳದ ತೇವ ನೋಡುತ್ತಿದ್ದಳು. ಬಿಸಿಲೇರಿದರೆ ತಟ್ಟು ಹೊದಿಸುವುದು, ತಂಪಾದರೆ ತೆಗೆಯುವುದು. ಎತ್ತುಗಳ ಕಾಲಿಗೆ ಚರ್ಮದ ಚೀಲ ಕಟ್ಟಿ ಹುಲ್ಲು ಕತ್ತರಿಸುವ ಯಂತ್ರ ಎಳೆಸುವ ನರಸಿಂಗ ಬಂದು, "ಸಣ್ಣಗ ಕತ್ತರಸ್ಲೇನು?" ಎಂದಾಗ ಅಡ್ಡ ನಿಂತಳು.

"ಬ್ಯಾಸಗ್ಯಾಗ ಅದರ ತಲಿಮ್ಯಾಗಿನ ಸೆರಗ ತೆಗೀಬ್ಯಾಡಪ್ಪಾ. ನೀ ರುಮಾಲ ತಗದು ಬಿಸಲಾಗ ನಿಂದರ್ತಿಯೇನು?"

ನರಸಿಂಗ ರುಮಾಲು ಮುಟ್ಟಿಕೊಂಡು, "ಏ, ನನಗ್ಯಾಕ ಬಂತು!" ಎಂದು ಎತ್ತು ತಿರುಗಿಸಿದ. ಮಾಣಿಕಮ್ಮ ಸೆರಗಿನ ಮರೆಯಲ್ಲಿ ನಕ್ಕಳು. ಅಕ್ಷರ ಕಲಿಯಲು ಹೋದ ಕಾಲದಲ್ಲೂ ಯಾರ ಕೈಯನ್ನೂ ಆಕೆ ಇಷ್ಟು ಆಸೆಯಿಂದ ನೋಡಿರಲಿಲ್ಲ.

ಒಂದು ಸಂಜೆ ಕುಲ್ಸುಮ್ ಬೀ ತಟ್ಟು ಸರಿಸಿ, "ಎಳಿ," ಎಂದಳು.

ಮಾಣಿಕಮ್ಮ ಮಂಡಿಯೂರಿದಳು. ಎರಡೇ ಬೆರಳಲ್ಲಿ ಒಂದು ಎಳೆ ಹಿಡಿದು ಮೆಲ್ಲಗೆ ಜಗ್ಗಿದಳು. ಬರಲಿಲ್ಲ. ಇನ್ನೊಂದು ಹಿಡಿದಳು. ಅದೂ ನೆಲವನ್ನು ಕಚ್ಚಿಕೊಂಡಿತ್ತು. ಕರಕಿ ಕಿತ್ತು ಬಾರದ್ದಕ್ಕೆ ಜನ್ಮದಲ್ಲಿ ಮೊದಲ ಸಲ ಆಕೆಯ ಕಣ್ಣು ತುಂಬಿದವು.

"ಮುನ್ಶಿಗೆ ಹೇಳ್ತೀನಿ, ನೀ ಇರ್ತೀ ಅಂತ," ಎಂದು ಕುಲ್ಸುಮ್ ಬೀ ಮೊಣಕಾಲು ಹಿಡಿದು ಎದ್ದಳು.

ಮಾಣಿಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಕುಲ್ಸುಮ್ ಬೀ ಆಗಲೇ ತಟ್ಟು ಹೆಗಲಿಗೇರಿಸಿ ಮುಂದಿನ ಕುಳಿಯ ಕಡೆ ನಡೆದಿದ್ದಳು. ಹಬೀಬ್ ದೂರದ ಬಾವಿಯಲ್ಲಿ ಮಶಕ ತುಂಬುತ್ತಿದ್ದ. ಮಾಣಿಕಮ್ಮ ಹಿಂದಿನಿಂದ ಕೂಗಿದಳು.

"ಖಾಲಾ, ಮಳಿ ಬರೂತನ ಈ ತುಕಡಾಕ್ಕ ನಾನೇ ನೀರ್ ಹಾಕ್ತೀನ್ರಿ. ನನಗ ಬಿಡ್ರಿ."