ಶ್ರೀಲತಾಳಿಗೆ ಹಿಡಿಸದ ಗುಲಾಬಿ ಚಹಾ

ಫಾಲ್ಗುಣದ ಸಂಜೆ ಹಿಂದೂಪುರದ ಮೇಲೆ ಇಳಿಯುವ ಬಗೆಯೇ ಬೇರೆ! ದೂರದ ಬೆಟ್ಟಸಾಲು ಬಿಸಿಲಿನ ಹಬೆಯಲ್ಲಿ ಕರಗಿ ನೀಲಿ ನೆರಳಾಗುತ್ತದೆ. ನೀರನ್ನು ಮರೆತೇಬಿಟ್ಟ ಪೆನ್ನೆ ಹೊಳೆಯ ಮರಳಹಾಸು ಅಸ್ತಮಾನದ ಕಿರಣಕ್ಕೆ ಜರಿಯ ಸೆರಗಿನಂತೆ ಮಿರುಗುತ್ತದೆ. ರಸ್ತೆಬದಿಯ ಹೊಂಗೆಗಳು ಆಗತಾನೆ ತೊಟ್ಟ ಎಳೆಹಸುರನ್ನು ಗಾಳಿಗೆ ಬೀಸಿ ತೋರಿಸುತ್ತವೆ. ಮಾರುಕಟ್ಟೆಯ ಹುಣಸೆ, ಬೆಲ್ಲ, ಒಣಮೆಣಸಿನಕಾಯಿಗಳ ಘಾಟು ಕೂಡ ಆ ಹೊತ್ತಿಗೆ ಮೆತ್ತಗಾಗಿ, ಯಾರೋ ದೂರದಲ್ಲಿ ಹಬ್ಬದಡುಗೆಗೆ ಅಣಿಯಾಗುತ್ತಿರುವಂತೆ ಮೂಗಿಗೆ ಬಡಿಯುತ್ತದೆ... ಸಹೃದಯ ವಾಚಕರೇ, ಇಂಥ ಸಂಧ್ಯಾಶೋಭೆಯನ್ನು ಕಂಡ ಯುವತಿಯ ನೇತ್ರಗಳು ಆರ್ದ್ರವಾದವು ಎಂದು ಬರೆಯಲು ಯಾವ ಲೇಖನಿಗೆ ತಾನೇ ಆಸೆಯಾಗದು! ಆದರೆ ಮಹಡಿಯ ಕಿಟಕಿಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಶ್ರೀಲತಾಳ ಕಣ್ಣು ಒದ್ದೆಯಾಗಲಿಲ್ಲ, ತುಟಿ ಸೊಟ್ಟಗಾಯಿತು. ಧೂಳು ತಿಂದು ಧೂಳು ಉಗುಳುವ ಈ ಊರಿಗೆ ಸಂಜೆಯ ಸೊಬಗೊಂದು ಕೇಡು ಎಂದುಕೊಂಡು ಅವಳು ಕಿಟಕಿ ಮುಚ್ಚಿದಳು.

ತಿರಸ್ಕಾರವೇ ಅವಳ ನಿತ್ಯದ ಒಡವೆಯಾಗಿತ್ತು. ತಂದೆಯ ಕಾಲದ ಮಗ್ಗಗಳು ನಿಂತ ಮೇಲೆ ಅಣ್ಣ ರಘುನಾಥನ ಜೊತೆ ರೇಷ್ಮೆ ಸೀರೆಯ ಅಂಗಡಿಯನ್ನು ನಡೆಸುತ್ತಿದ್ದವಳು ಆಕೆ. ಮೂವತ್ತು ದಾಟಿದ ವಯಸ್ಸು, ಎತ್ತಿದ ತಲೆ, ಒಂದು ಮಡಿಕೆಯನ್ನು ಮುಟ್ಟಿ ಜರಿಯ ಬಂಡವಾಳವನ್ನು ಬಯಲಿಗೆಳೆಯುವ ಬೆರಳು, ಅದಕ್ಕಿಂತಲೂ ಹರಿತವಾದ ನಾಲಿಗೆ. ಆ ನಾಲಿಗೆ ಹುಟ್ಟಿನಿಂದ ಬಂದದ್ದಲ್ಲ. ಹೆಣ್ಣು ನೋಡಲೆಂದು ಬಂದ ಮಹನೀಯರ ಮುಂದೆ ಅವಳು ಟೀ ತಟ್ಟೆ ಹಿಡಿದು ನಿಂತದ್ದಕ್ಕೆ ಲೆಕ್ಕವಿರಲಿಲ್ಲ. ಅವರು ಸೊರ್ರೆಂದು ಹೀರುತ್ತ ಅವಳ ಬಣ್ಣವನ್ನು ಅಳೆದರು, ಎತ್ತರವನ್ನು ಅಳೆದರು, ಕೇಸರಿಬಾತನ್ನು ಮಾತ್ರ ಅಳತೆಯಿಲ್ಲದೆ ತಿಂದರು, ಊರಿಗೆ ಹೋಗಿ ಫೋನ್ ಮಾಡುತ್ತೇವೆಂದು ಹೋದವರು ಇಂದಿಗೂ ಮಾಡುತ್ತಲೇ ಇದ್ದಾರೆ. ಒಪ್ಪಲಿಲ್ಲವೆಂದು ಬಾಯಿಬಿಟ್ಟು ಹೇಳುವ ಸೌಜನ್ಯವೂ ಇಲ್ಲದ ಆ ಮುಖಗಳನ್ನು ಕಂಡು ಕಂಡು, ಇನ್ನು ಯಾರಾದರೂ ತನ್ನನ್ನು ಬೇಡವೆನ್ನುವ ಮೊದಲೇ ತಾನೇ ಬೇಡವೆಂದುಬಿಡುವುದನ್ನು ಅವಳು ರೂಢಿಸಿಕೊಂಡಳು.

ಒಂದೇ ಒಂದು ಚಹಾ ಮಾತ್ರ ಅವಳ ಮನಸ್ಸಿನಲ್ಲಿ ಮರ್ಯಾದೆಯಿಂದ ಉಳಿದಿತ್ತು. ಹೈದರಾಬಾದಿನ ಸೀರೆ ಪ್ರದರ್ಶನಕ್ಕೆ ಹೋಗಿದ್ದಾಗ, ಗಿರಾಕಿಯೊಬ್ಬಾಕೆ ತನ್ನ ಮನೆಗೆ ಕರೆದು, ಬಿಳಿಯ ಬಟ್ಟಲಿನಲ್ಲಿ ಹಾಲು ಬೆರೆಸದ ಗುಲಾಬಿ ಚಹಾವನ್ನು ತಾನೇ ತಂದು ಅವಳ ಕೈಗಿಟ್ಟಿದ್ದಳು. ಮಾಣಿಕ್ಯದಂಥ ಬಣ್ಣ; ಮೊದಲು ಚಹಾದ ಒಗರು, ಅದು ಇಳಿದ ಮೇಲೆ, ಮಳೆ ನಿಂತ ತೋಟದಿಂದ ಬಂದಂತೆ ಒಂದು ಎಳೆ ಗುಲಾಬಿ... ಕುಡಿಯುವಾಗ ಯಾರೂ ಅವಳನ್ನು ಅಳೆಯಲಿಲ್ಲ. ಟೀ ತಟ್ಟೆ ಇನ್ನೊಬ್ಬರ ಕೈಯಲ್ಲಿತ್ತು, ಅವಳು ಕೂತಿದ್ದಳು. ಆ ಬಳಿಕ ಅವಳು ಅಂಥ ಚಹಾಕ್ಕಾಗಿ ಹುಡುಕದ ಅಂಗಡಿಯಿಲ್ಲ.

ಕಾರ್ತಿಕದಲ್ಲಿ ಕಲ್ಯಾಣದುರ್ಗದಿಂದ ತಿರುಮಲೇಶ್ ಎಂಬಾತ ತಾಯಿ ಉಡುಸಲಮ್ಮನೊಡನೆ ಹೆಣ್ಣು ನೋಡಲು ಬಂದ. ಅವರದೂ ಒಂದು ಕಾಲಕ್ಕೆ ನೇಯುತ್ತಿದ್ದ ಮನೆತನ. ಈಗ ಕಡಲೆಕಾಯಿ ಸುಲಿಯುವ ಮಿಲ್ಲು. ಅತ್ತಿಗೆ ಉಮಾದೇವಿ ತಟ್ಟೆ ಜೋಡಿಸಿಟ್ಟು ಕಣ್ಸನ್ನೆ ಮಾಡಿದರೆ, ಶ್ರೀಲತಾ ಬರಿಗೈಯಲ್ಲಿ ಬಂದು ಅವನ ಎದುರು ಕುರ್ಚಿ ಎಳೆದು ಕೂತಳು.

“ಬಂದೋರ್ಗೆಲ್ಲ ಟೀ ತಂದು ಕೊಟ್ಟು ನಂಗೆ ಸಾಕಾಗಿದೆ. ಈ ಸಲ ನೀವು ತನ್ನಿ. ಹಾಲಿಲ್ದೆ ಕುಡಿಯೋ ಗುಲಾಬಿ ಟೀ. ಅದು ನಂಗೆ ಹಿಡಿಸಿದ್ ದಿನ ಮುಂದಿನ ಮಾತು” ಎಂದಳು.

ರಘುನಾಥ ತಲೆ ತಗ್ಗಿಸಿದ. ಉಡುಸಲಮ್ಮ ಸೆರಗು ಕೊಡವಿ ಎದ್ದೇಬಿಟ್ಟಳು. ತಿರುಮಲೇಶ್ ಮಾತ್ರ, ಕಡಲೆಬೀಜದ ಚೀಲಕ್ಕೆ ಆರ್ಡರು ಕೊಟ್ಟ ವ್ಯಾಪಾರಿಯನ್ನು ನೋಡುವಂತೆ ಅವಳನ್ನು ನೆಟ್ಟಗೆ ನೋಡಿ, “ಆಯ್ತು, ತತ್ತೀನಿ” ಎಂದ. ಈ ಗಂಡಸಿಗೆ ಅವಮಾನವಾದದ್ದೂ ಗೊತ್ತಾಗುವುದಿಲ್ಲವಲ್ಲ ಎಂದು ಅವಳಿಗೆ ಇನ್ನಷ್ಟು ತಾತ್ಸಾರವಾಯಿತು.

ಅವನು ತಂದ, ತರುತ್ತಲೇ ಹೋದ! ಬೀಜ ಮಾರಲು ಹಿಂದೂಪುರಕ್ಕೆ ಬಂದಾಗಲೆಲ್ಲ ಒಂದೊಂದು ಪೊಟ್ಟಣ. ಹೊರಗೆ ಬಣ್ಣದ ಗುಲಾಬಿಯ ಚಿತ್ರ, ಒಳಗೆ ಊದುಬತ್ತಿಯ ವಾಸನೆ ಇದ್ದುದನ್ನು ಕುಡಿದು, ಇದನ್ನು ಕುಡಿಯುವುದಕ್ಕಿಂತ ದೇವರ ಮುಂದೆ ಹಚ್ಚುವುದು ಮೇಲೆಂದಳು. ಇನ್ನೊಂದಕ್ಕೆ, ಇದರಲ್ಲಿ ಮುಖ ತೊಳೆಯಬಹುದು ಎಂದಳು. ಶರಬತ್ತಿನ ಪಾಕ ಬೆರೆಸಿದ್ದನ್ನು ಒಂದು ಗುಟುಕಿಗೇ ಪಕ್ಕಕ್ಕೆ ತಳ್ಳಿದಳು. ಮತ್ತೊಮ್ಮೆ ಅವನು ಒಳ್ಳೆಯ ಚಹಾಕ್ಕೆ ಪನ್ನೀರು ಹನಿಸಿ ತಂದಾಗ, ಮದುವೆಮನೆಯ ಬಾಗಿಲಲ್ಲಿ ನಿಂತು ಬಾಯಿಗೇ ಪನ್ನೀರು ಚಿಮುಕಿಸಿಕೊಂಡ ಹಾಗಿದೆ ಎಂದು ನಕ್ಕಳು. ಅವನು ಪ್ರತಿ ಸಲವೂ ತಲೆಯಾಡಿಸಿ ಎದ್ದು ಹೋಗುವನು. ಅವಳು ಎಲ್ಲಿ ಬೈದಳೋ ಅದನ್ನಷ್ಟೇ ತಿದ್ದಿಕೊಂಡು ಮತ್ತೆ ಬರುವನು.

ಬರುವ ದಿನ ಅವಳು ಒಳ್ಳೆಯ ಸೀರೆ ಉಡುತ್ತಿದ್ದುದನ್ನು ಉಮಾದೇವಿ ಗಮನಿಸಿದ್ದಳು. ಕಲ್ಯಾಣದುರ್ಗದ ಬಸ್ಸು ತಡವಾದರೆ ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಸಿಡುಕು ಹೆಚ್ಚಾಗುತ್ತಿದ್ದುದನ್ನು ರಘುನಾಥನೂ ಗಮನಿಸಿದ್ದ. ಮುಚ್ಚುಮರೆ ಏಕೆ? ಶ್ರೀಲತಾಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತ್ತು. ಹುಟ್ಟಿದ್ದರಿಂದಲೇ ಭಯವೂ ಹುಟ್ಟಿತ್ತು. ಚಹಾ ಹಿಡಿಸಿತೆಂದ ಮರುಗಳಿಗೆ ಇವನೂ ಉಳಿದವರಂತೆ ಅಳೆಯಲು ತೊಡಗಿದರೆ? ಆದ್ದರಿಂದ ಅವಳು ಅವನ ಕಾಲಿನ ಚಪ್ಪಲಿಯನ್ನು, ಅಂಗಿಯ ಮೇಲಿನ ಕಡಲೆಸಿಪ್ಪೆಯ ಪುಡಿಯನ್ನು, ಹಾಲಿಲ್ಲದ ಟೀಯನ್ನು ಕಷಾಯವೆಂದು ಮುಟ್ಟದ ಅವನ ಹಳ್ಳಿತನವನ್ನು ಒಂದೂ ಬಿಡದೆ ಹೀಯಾಳಿಸಿದಳು.

ಯುಗಾದಿ ಹತ್ತಿರ ಬಂದಾಗ ತಿರುಮಲೇಶ್ ಅಂಗಡಿಯ ಟೀಯನ್ನು ಕೈಬಿಟ್ಟು ತಾನೇ ತಯಾರಿಸಲು ಹೊರಟ. ಪರಿಗಿಯ ತೋಟದಿಂದ ಪನ್ನೀರು ಗುಲಾಬಿಯನ್ನು, ಇಬ್ಬನಿ ಆರುವ ಮೊದಲೇ ಬಿಡಿಸಿದ್ದನ್ನು, ತಂದು, ಎಸಳು ಬಿಡಿಸಿ, ಕರಿ ಚಹಾದ ಎಲೆಯ ನಡುನಡುವೆ ಹಾಸಿ ಮುಚ್ಚಿಟ್ಟ. ಎಸಳು ಬಾಡಿದಂತೆಲ್ಲ ಆರಿಸಿ ತೆಗೆದು ಹೊಸತು ಹಾಸಿದ. ಫೋನಿನಲ್ಲಿ ನೋಡಿ ಕಲಿತ ವಿದ್ಯೆ, ತಾಳ್ಮೆ ಮಾತ್ರ ಅವನದೇ. ಎಲೆಗೆ ಗಂಧ ಹಿಡಿದ ಮೇಲೆ ಅರ್ಧವನ್ನು ಮನೆಯ ಡಬ್ಬಿಯಲ್ಲಿಟ್ಟು, ಉಳಿದದ್ದನ್ನು ಬಿಳಿಯ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ ಹಿಂದೂಪುರಕ್ಕೆ ತಂದ. ಶ್ರೀಲತಾ ಅಂಗಡಿಯಲ್ಲಿದ್ದಳು. ಗಂಟನ್ನು ಉಮಾದೇವಿಯ ಕೈಗೆ ಕೊಟ್ಟು, ಇದು ತಾನೇ ಮಾಡಿದ್ದು, ಇನ್ನರ್ಧ ಮನೆಯ ಡಬ್ಬಿಯಲ್ಲಿದೆ, ಶನಿವಾರ ಬಂದು ಮಾತು ಕೇಳುತ್ತೇನೆಂದು ಹೇಳಿ ಹೋದ.

ಇಲ್ಲಿ ಆ ರೇಷ್ಮೆಯ ಮನೆತನದ ಒಂದು ಪದ್ಧತಿಯನ್ನು ಹೇಳಲೇಬೇಕು. ಬೆಲೆಬಾಳುವ ಯಾವ ವಸ್ತು ಬಂದರೂ ಅದು ಮೊದಲು ಪಡಸಾಲೆಯ ತೇಗದ ಬೀರುವಿನೊಳಗೆ, ಪಟ್ಟೆಸೀರೆಗಳ ಪಕ್ಕದಲ್ಲಿ, ಕೈತುಂಬ ನುಸಿಗುಳಿಗೆಗಳ ಕಾವಲಿನಲ್ಲಿ ತಂಗಬೇಕು. ಹೊಸ ಬಟ್ಟೆಯಾಗಲಿ, ಮನೆಪತ್ರವಾಗಲಿ, ಹಬ್ಬಕ್ಕೆ ತಂದ ಏಲಕ್ಕಿಯಾಗಲಿ, ಎಲ್ಲದಕ್ಕೂ ಅದೇ ಗರ್ಭಗುಡಿ. ತಲೆತಲಾಂತರದಿಂದ ಆ ವಾಸನೆಯಲ್ಲೇ ಬೆಳೆದ ಮೂಗುಗಳಿಗೆ ಅದು ವಾಸನೆಯೇ ಅಲ್ಲ. ಉಮಾದೇವಿ ನಾದಿನಿಯ ಭಾಗ್ಯವನ್ನೇ ಕಾಪಾಡುವವಳಂತೆ ಗಂಟನ್ನು ಸೀರೆಗಳ ನಡುವೆ ಒತ್ತಿಟ್ಟು ಬೀಗ ಹಾಕಿದಳು.

ಶನಿವಾರ ತಿರುಮಲೇಶ್ ಬಂದು ಕೂತ. ಅವನ ಮುಖದಲ್ಲಿ ಎಂದೂ ಇಲ್ಲದ ಆತಂಕ.

“ಅಮ್ಮ ರಾಯದುರ್ಗದಾಗೆ ಒಂದ್ ಹುಡ್ಗೀನ ನೋಡವ್ಳೆ. ಯುಗಾದಿ ಕಳೀತಿದ್ದಂಗೆ ತಾಂಬೂಲ ಬದ್ಲಾಯಿಸ್ಬೇಕು ಅಂತಾಳೆ” ಎಂದ ಅವನು. “ಬ್ಯಾಡ ಅನ್ನಾಕೆ ನಂಗೆ ನಿಮ್ ಒಂದ್ ಮಾತು ಬೇಕು.”

ಅತ್ತಿಗೆ ತಂದಿಟ್ಟ ಬಟ್ಟಲನ್ನು ಎತ್ತುವಾಗ ಅವಳು ಒಳಗೊಳಗೇ ಬೇಡಿಕೊಂಡದ್ದು ದೇವರಿಗಷ್ಟೇ ಗೊತ್ತು: ಇದು ಚೆನ್ನಾಗಿರಲಿ, ಚೆನ್ನಾಗಿದೆ ಎಂದುಬಿಡುತ್ತೇನೆ... ಬಣ್ಣವೇನೋ ಮಾಣಿಕ್ಯದ್ದೇ. ಆದರೆ ಗುಟುಕು ಗಂಟಲಿಗೆ ಇಳಿಯುತ್ತಲೇ ಬಿಸಿನೀರಿನಲ್ಲಿ ಬಿಚ್ಚಿಕೊಂಡ ಎಂಥದೋ ಕಟುವಾದ ಘಾಟು ಮೂಗಿನ ತನಕ ಏರಿತು. ಆಸೆಪಟ್ಟ ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು. ಸಿಟ್ಟು ಎಂದಿನಂತೆ ಎದುರಿಗಿದ್ದವನ ಮೇಲೆ ಹರಿಯಿತು.

“ಇಷ್ಟ್ ದಿನ ತಂದಿದ್ರಲ್ಲಿ ಇದೇ ಎಲ್ಲಕ್ಕಿಂತ ಕಡೆ. ಔಷಧಿ ಅಂಗ್ಡೀಲಿ ಪಾತ್ರೆ ತೊಳೆದ್ ನೀರು. ಕಡ್ಲೆಕಾಯಿ ಸುಲಿಯೋ ಕೈಗೆ ಗುಲಾಬಿ ಯಾಕ್ ಬೇಕಿತ್ತು?”

ಅವನು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. ಗುಲಾಬಿಯ ಮುಳ್ಳು ಗೀರಿದ ಗಾಯಗಳು ಇನ್ನೂ ಪೂರ್ತಿ ಒಣಗಿರಲಿಲ್ಲ. ಬಟ್ಟಲನ್ನು ತಾನೊಮ್ಮೆ ರುಚಿ ನೋಡಬೇಕೆಂದು ಅವನಿಗೆ ಹೊಳೆಯಲೂ ಇಲ್ಲ. ಅವಳ ನಾಲಿಗೆಯನ್ನು ಅವನು ಅಷ್ಟು ನಂಬಿದ್ದ.

“ನೀವು ಸುಳ್ ಹೇಳೋರಲ್ಲ. ನನ್ ಕೈಯೇ ಸರಿ ಇಲ್ಲ” ಎಂದು ಎದ್ದು ಹೋದ. ಮೆಟ್ಟಿಲಿಳಿಯುವಾಗ ತಿರುಗಿ ನೋಡಲಿಲ್ಲ.

ಅವಳಿಗೆ ನಿಜ ತಿಳಿದದ್ದು ಎರಡು ದಿನ ಕಳೆದ ಮೇಲೆ, ಹಬ್ಬಕ್ಕೆ ಸೀರೆ ತೆಗೆಯಲೆಂದು ಬೀರು ತೆರೆದಾಗ. ಮಾವಿನಕಾಯಿ ಬಣ್ಣದ ಪಟ್ಟೆಯ ಮೇಲೆ ಬಿಳಿಯ ಗಂಟು, ಗಂಟಿನ ಸುತ್ತ ನುಸಿಗುಳಿಗೆಗಳು ಕಾವಲುಗಾರರಂತೆ ಕೂತಿದ್ದವು. ಇದು ಯಾವಾಗಿನಿಂದ ಇಲ್ಲಿದೆ ಎಂದು ಅತ್ತಿಗೆಯನ್ನು ಕೇಳಿದಳು.

“ಅವ್ರು ತಂದ್ ದಿನದಿಂದ್ಲೂ ಅಲ್ಲೇ ಐತೆ ಕಣಮ್ಮ” ಎಂದಳು ಉಮಾದೇವಿ, ಹೊಗಳಿಕೆಗೆ ಕಾದವಳಂತೆ. “ಬೆಲೆಬಾಳೋ ಪದಾರ್ಥ, ಹುಳ ಹಿಡೀಬಾರ್ದು ಅಂತ ನಾನೇ ಇಟ್ಟೆ. ಟೀ ಮಾಡಾದ್ಮೇಲೆ ಮಿಕ್ಕಿದ್ನೂ ಅಲ್ಲೇ ಇಟ್ಟಿವ್ನಿ.”

ಶ್ರೀಲತಾ ಮೊದಲು ನಕ್ಕಳು. ನಗು ಮುಗಿಯುವ ಮೊದಲೇ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಬದುಕಿನಲ್ಲಿ ಕಂಡವರನ್ನೆಲ್ಲ ಹೀಯಾಳಿಸಿದ್ದವಳಿಗೆ ಅಂದು ತನ್ನಷ್ಟು ಹೀನವಾದದ್ದು ಮತ್ತೊಂದಿಲ್ಲವೆನಿಸಿತು. ಆಹಾ, ಎಂಥ ರಸಿಕೆ! ಮನೆಯ ನುಸಿಗುಳಿಗೆಯನ್ನು ಗುರುತಿಸಲಾರದ ನಾಲಿಗೆ, ಒಬ್ಬನ ಕೈಯ ಮೇಲೆ ತೀರ್ಪು ಕೊಟ್ಟು ಕಳಿಸಿತ್ತು. ಫೋನು ಕೈಗೆತ್ತಿಕೊಂಡವಳು ಹಾಗೆಯೇ ಕೆಳಗಿಟ್ಟಳು. ಎದುರಿಗೆ ಕೂರಿಸಿ ಆಡಿದ ಮಾತನ್ನು ಮರೆಯಲ್ಲಿ ನಿಂತು ಹಿಂದೆಗೆಯುವುದು ಹೇಡಿಗಳ ಕೆಲಸ ಎನಿಸಿತು.

ಮಾರನೆಯ ಬೆಳಿಗ್ಗೆಯೇ ಹೊರಟಳು. ಮದುವೆ ಗೊತ್ತಾಗದ ಹೆಣ್ಣು ಗಂಡಿನ ಮನೆ ಬಾಗಿಲಿಗೆ ತಾನಾಗಿ ಹೋಗಿ ನಿಂತರೆ ಜನ ಏನೆಂದಾರು ಎಂದು ರಘುನಾಥ ಅಡ್ಡ ಬಂದ. ನೋಡಲು ಬಂದ ಜನ ಇಷ್ಟು ವರ್ಷ ಏನೂ ಅನ್ನದೆ ಹೋದರಲ್ಲ, ಈಗ ಅನ್ನಲಿ ಎಂದು ಅವಳು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳ ಸ್ವಭಾವವೇನೂ ಬದಲಾಗಲಿಲ್ಲ: ಸೀಟು ಹರಿದಿತ್ತು, ಕಂಡಕ್ಟರು ಒರಟ, ಮಡಕಶಿರಾದಲ್ಲಿ ಬಸ್ಸು ಬದಲಿಸುವಾಗ ಕಂಡ ಹೋಟೆಲು ಕೊಳಕು, ಕಲ್ಯಾಣದುರ್ಗವಂತೂ ಆಟೋ, ಜೀಪುಗಳ ಕೂಗಾಟದ ಸಂತೆ. ಹಾಗೆ ಒಂದೊಂದನ್ನೇ ಹೀಗಳೆಯುತ್ತ ಹೋದರೆ ಎದೆಯ ಅಳುಕು ಸ್ವಲ್ಪ ಮರೆತಂತಾಗುತ್ತಿತ್ತು.

ಮಿಲ್ಲಿಗೆ ಅಂಟಿಕೊಂಡ ಮನೆಯ ಜಗಲಿಯಲ್ಲಿ ಉಡುಸಲಮ್ಮ ಕೆಲಸದ ಹೆಂಗಸರಿಗೆಂದು ದೊಡ್ಡ ಪಾತ್ರೆಯಲ್ಲಿ ಟೀ ಕಾಸಿಟ್ಟುಕೊಂಡಿದ್ದಳು. ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಏಮ್ಮಾ, ನಮ್ ಟೀ ಸರಿ ಇಲ್ಲ ಅಂತ ಹೇಳಾಕೆ ಇಷ್ಟ್ ದೂರ ಬಂದ್ಬುಟ್ಯಾ?”

ಮಿಲ್ಲಿನ ಬಾಗಿಲಿಗೆ ತಿರುಮಲೇಶ್ ಬಂದು ನಿಂತದ್ದನ್ನು ಶ್ರೀಲತಾ ಕಂಡಳು. ರೆಪ್ಪೆಯ ಮೇಲೂ ಕಡಲೆಸಿಪ್ಪೆಯ ಧೂಳು. ಅವನಿಗೂ ಕೇಳಲೆಂದು ದನಿ ಎತ್ತರಿಸಿದಳು.

“ಟೀ ಸರಿ ಇತ್ತು. ನಮ್ಮನೇಲಿ ಅದನ್ನ ಸೀರೆ ಬೀರು ಒಳಗೆ, ನುಸಿಗುಳಿಗೆ ಜೊತೆ ಇಟ್ಟಿದ್ರು. ಕೆಟ್ಟಿದ್ದು ನಮ್ಮನೇಲಿ. ನಿಮ್ ಕೈ ಬಗ್ಗೆ ನಾನಾಡಿದ್ ಮಾತು ಇನ್ನೂ ಕೆಟ್ಟದ್ದು. ಅದನ್ನ ಹೇಳೋಕೆ ಬಂದೆ.”

ಕೆಲಸದ ಹೆಂಗಸರು ಮೊರದಲ್ಲಿ ಕೇರುವುದನ್ನು ನಿಲ್ಲಿಸಿ ನೋಡಿದರು. ಡಬ್ಬಿಯಲ್ಲಿಟ್ಟ ಅರ್ಧ ಇನ್ನೂ ಇದೆಯೇ ಎಂದು ಅವಳು ಕೇಳಿದಾಗ ಉಡುಸಲಮ್ಮನ ಮುಖ ಮೊದಲ ಬಾರಿಗೆ ಸಣ್ಣಗಾಯಿತು. ಕೆಲಸಕ್ಕೆ ಬಾರದ ಟೀ ಎಂದು ಮಗನ ಬಾಯಿಂದ ಕೇಳಿದ ಮೇಲೆ ಬಿಸಾಡಲು ಮನಸ್ಸಾಗದೆ, ದಿನಾ ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿ ಕೆಲಸದವರಿಗೆ ಹಂಚಿದ್ದಳಂತೆ. ಕೊನೆಯ ಹಿಡಿ ಇಂದಿನ ಪಾತ್ರೆಗೆ ಬಿದ್ದಿತ್ತು. ಪರಿಗಿಯ ಬೆಳಗಿನ ಗುಲಾಬಿ ಶುಂಠಿಯ ಜೊತೆ ಕುದಿದುಹೋಗಿತ್ತು! ತಿರುಮಲೇಶ್ ಬಂದು, ಕೈ ತೊಳೆದು, ಸ್ಟೀಲು ಲೋಟಕ್ಕೆ ಆ ಟೀಯನ್ನೇ ಬಗ್ಗಿಸಿ ತಂದು ಅವಳ ಮುಂದೆ ಹಿಡಿದ.

ಅವಳು ಜಗಲಿಯ ಮೇಲೆ ಕೂತು ಕುಡಿದಳು. ಕೆನೆ ತುಟಿಗೆ ಅಂಟಿತು, ಶುಂಠಿ ಗಂಟಲು ಸುಟ್ಟಿತು, ಸಕ್ಕರೆ ಪಾಯಸದಷ್ಟು. ಗುಲಾಬಿಗಾಗಿ ಕೊನೆಯ ಗುಟುಕಿನವರೆಗೂ ಹುಡುಕಿದಳು. ಇತ್ತೋ, ಇದೆಯೆಂದು ಅವಳೇ ಅಂದುಕೊಂಡಳೋ, ಹೇಳುವುದು ಕಷ್ಟ. ತಲೆಯೆತ್ತಿದಾಗ ಅವಳ ತುಟಿ ಎಂದಿನಂತೆಯೇ ಸೊಟ್ಟಗಿತ್ತು, ಕಣ್ಣು ಮಾತ್ರ ತುಂಬಿತ್ತು.

“ಹಾಲು ಹಾಕಿ ಪೂರ್ತಿ ಕೆಡ್ಸಿದೀರ. ಒಂದ್ ಚೂರೂ ಚೆನ್ನಾಗಿಲ್ಲ” ಎಂದು ಖಾಲಿ ಲೋಟವನ್ನು ಅವನತ್ತ ಚಾಚಿದಳು. “ಇನ್ನೊಂದ್ ಲೋಟ ಕೊಡಿ.”

ತಿರುಮಲೇಶ್ ಲೋಟ ತೆಗೆದುಕೊಂಡ. ಅದನ್ನು ತುಂಬಿಸುತ್ತ, ತಲೆಯೆತ್ತದೆಯೇ, “ಅಮ್ಮ, ರಾಯದುರ್ಗದೋರ್ಗೆ ಫೋನ್ ಮಾಡಿ ಬ್ಯಾಡ ಅಂತ ಹೇಳ್ಬುಡು” ಎಂದ.

ಸಹೃದಯರೇ, ಮನುಷ್ಯನ ಅನುರಾಗವು ತಾನು ಕನಸಿದ ರೂಪದಲ್ಲೇ ಎದುರಿಗೆ ಬಂದು ನಿಲ್ಲುವುದು ಬಹಳ ಅಪರೂಪ. ಹೆಚ್ಚಿನ ಸಲ ಅದು ಬಣ್ಣ ಕಳೆದುಕೊಂಡು, ಯಾರದೋ ಅವಸರದಲ್ಲಿ ಕುದಿದು, ತೀರ ಸಾಮಾನ್ಯವೆನ್ನಿಸುವಂತೆ ಬರುತ್ತದೆ... ಅದರಲ್ಲಿ ದೋಷ ಹುಡುಕುವ ಬುದ್ಧಿ ದೋಷವನ್ನು ಹುಡುಕುತ್ತಲೇ ಇರಲಿ, ಅದು ಅದರ ಕೆಲಸ. ಆದರೆ ಒಂದು ಗಳಿಗೆ ಆ ಬುದ್ಧಿಗಿಂತ ಮುಂಚೆ ಕೈ ಚಾಚುತ್ತದಲ್ಲ, ಇನ್ನಷ್ಟು ಬೇಕೆಂದು ನಾಚಿಕೆಯಿಲ್ಲದೆ ಕೇಳುತ್ತದಲ್ಲ, ಆ ಗಳಿಗೆಯಲ್ಲಿ ಅತ್ಯಂತ ಗರ್ವಿಷ್ಠ ಹೃದಯವೂ ತಾನು ಎಷ್ಟು ಕಾಲದಿಂದ ಬಾಯಾರಿತ್ತೆಂಬುದನ್ನು ತಿಳಿದುಕೊಳ್ಳುತ್ತದೆ.