ಪುಟದ ಕೆಳಗಿನ ಅರ್ಧ

ಜೋಕು ಹೇಳುವ ಮೊದಲೇ ಜನ ನಕ್ಕುಬಿಟ್ಟರು.

ಸೇಫ್ಟಿ ಸಾರ್ ತೆರೆದ ಬಾಯಿ ಹಾಗೇ ಬಿಟ್ಟುಕೊಂಡು ನಿಂತರು. ಅವರ ಹಿಂದಿನ ಪರದೆಯ ಮೇಲೆ ನಾಲ್ಕನೇ ಸ್ಲೈಡು ಬೆಳಗುತ್ತಿತ್ತು: ಒಂದು ಹಳದಿ ಹೆಲ್ಮೆಟ್ಟು, ಅದರ ಕೆಳಗೆ ಮೂರೇ ಮೂರು ಪದ. ಹೆಂಡತಿಯ ಜೊತೆ ಜಗಳ ಆಡುವಾಗಲೂ ಹೆಲ್ಮೆಟ್ ಹಾಕಿಕೊಂಡರೆ ಕ್ಷೇಮ ಎಂಬ ಜೋಕು ಇಲ್ಲಿ ಬರಬೇಕಿತ್ತು. ಜೋಕು ಹೊಸದೇನಲ್ಲ, ಆದರೂ ಒಂದು ವಾರ ಕನ್ನಡಿಯ ಮುಂದೆ ನಿಂತು ಅದಕ್ಕೆ ಸಾಣೆ ಹಿಡಿದಿದ್ದರು. ಈಗ ಬಿಡಲು ಮನಸ್ಸಾಗದೆ ಹೇಳಿಯೇ ಹೇಳಿದರು. ಒಬ್ಬರೂ ನಗಲಿಲ್ಲ.

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯ ಕ್ಯಾಂಟೀನೇ ಇವತ್ತು ಸುರಕ್ಷತಾ ತರಬೇತಿಯ ಸಭಾಂಗಣ. ಊಟದ ಮೇಜುಗಳನ್ನು ಗೋಡೆಗೆ ಒತ್ತರಿಸಿ ಅರವತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. ಪ್ರತಿ ಕುರ್ಚಿಯ ಮೇಲೂ ಹದಿನಾಲ್ಕು ಹಾಳೆಯ ಒಂದೊಂದು ಕಟ್ಟು, ಮೂಲೆಗೆ ಪಿನ್ನು. ಬೆಳಿಗ್ಗೆ ಸೇಫ್ಟಿ ಸಾರೇ ಸ್ವತಃ ಹಂಚಿದ್ದರು, ಮದುವೆ ಮನೆಯ ಯಜಮಾನರ ಹಾಗೆ. ಕಾಲೇಜಿಗೆ ಹೋಗುವ ಮಗಳು ನಿನ್ನೆಯೇ ಹೇಳಿದ್ದಳು: "ಅಪ್ಪ, ಕಾಗದ ಕೊನೇಲಿ ಕೊಡು. ಮೊದ್ಲೇ ಕೊಟ್ರೆ ಎಲ್ರೂ ತಲೆ ತಗ್ಗಿಸಿ ಅದನ್ನೇ ಓದ್ತಾರೆ, ನಿನ್ನ ಮುಖ ಯಾರು ನೋಡ್ತಾರೆ?" ಅವರು ಕೇಳಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದನ್ನು ಕೊನೆಯವರೆಗೆ ಬಚ್ಚಿಟ್ಟುಕೊಳ್ಳುವ ತಾಳ್ಮೆ ಅವರಲ್ಲಿರಲಿಲ್ಲ.

ಐದನೇ ಸ್ಲೈಡು ಬಂತು. ಸಾರ್ ದನಿ ತಗ್ಗಿಸಿ, ಅಭ್ಯಾಸ ಮಾಡಿಕೊಂಡಂತೆ ಮುಂದೆ ಬಂದರು.

"ಒಂದು... ಎರಡು ಹೆಜ್ಜೆ! ಸರಿಯಾಯ್ತು ಸಾರ್!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ಎದುರಿನ ಕುರ್ಚಿಯಲ್ಲಿ ಕೂತ ಮ್ಯಾನೇಜರ್ ಮಾತ್ರ ನಗದೆ, ತಮ್ಮ ಕಟ್ಟನ್ನು ಮುಖದ ಹತ್ತಿರ ಹಿಡಿದುಕೊಂಡು ಸರಸರ ಪುಟ ತಿರುವುತ್ತಿದ್ದರು.

ಸೇಫ್ಟಿ ಸಾರ್‌ಗೆ ಏನೋ ಎಡವಟ್ಟಾಗಿದೆ ಎನ್ನಿಸಿತು. ಮೊದಲ ಸಾಲಿನ ತುದಿಯಲ್ಲಿದ್ದ ಪ್ಯಾಕಿಂಗ್ ವಿಭಾಗದ ಅಕ್ಕನ ಮುಂದೆ ಕೈ ಚಾಚಿದರು.

"ಏನಮ್ಮ ಅಂಥಾದ್ದು ಇರೋದು ಇದ್ರಲ್ಲಿ? ಕೊಡಿ, ನೋಡೋಣ."

ಅಕ್ಕ ಕಾಗದ ಕೊಟ್ಟಳು. ಕೊಡುವಾಗ ಅವರ ಮುಖ ನೋಡಲಿಲ್ಲ. "ನಮ್ದು ಏಳನೇ ಪುಟದಲ್ಲಿದೆ ಸಾರ್," ಎಂದಳು.

ಪ್ರತಿ ಪುಟದ ಮೇಲರ್ಧದಲ್ಲಿ ಸ್ಲೈಡು, ಕೆಳಗರ್ಧದಲ್ಲಿ ಸಣ್ಣ ಅಕ್ಷರದ ಸಾಲುಗಳು. ಆ ಸಾಲುಗಳನ್ನು ಗುರುತಿಸಲು ಅವರಿಗೆ ಕನ್ನಡಕ ಬೇಕಾಗಲಿಲ್ಲ. ಮಾತು ಮರೆಯಬಾರದೆಂದು ಕಂಪ್ಯೂಟರಿನಲ್ಲಿ ಪ್ರತಿ ಸ್ಲೈಡಿನ ಕೆಳಗೆ ತಮಗೆ ತಾವೇ ಬರೆದುಕೊಂಡ ಟಿಪ್ಪಣಿಗಳು ಅವು. ತಮ್ಮ ಪರದೆಗೆ ಮಾತ್ರ ಕಾಣುವಂಥವು. ಪ್ರಿಂಟ್ ಕೊಡುವಾಗ ಮೇಲೆ ಚಿತ್ರ, ಕೆಳಗೆ ಗೆರೆಗಳು ಇರುವ ಒಂದು ಮಾದರಿ ಕಂಡಿತ್ತು. ಕೇಳುವವರು ಬರೆದುಕೊಳ್ಳಲಿಕ್ಕೆ ಬಿಟ್ಟ ಜಾಗ ಅದು, ಎಷ್ಟು ಅನುಕೂಲ ಎಂದುಕೊಂಡು ಅದನ್ನೇ ಒತ್ತಿದ್ದರು. ಪ್ರಿಂಟಾಗಿ ಬಂದಾಗ ಮೊದಲ ಪುಟ ನೋಡಿದ್ದರು. ಅದು ಬರೀ ಶೀರ್ಷಿಕೆಯ ಪುಟ, ಕೆಳಗೆ ಖಾಲಿ. ಉಳಿದ ಹದಿಮೂರನ್ನು ನೋಡುವ ಗೋಜಿಗೆ ಹೋಗಿರಲಿಲ್ಲ.

ನಾಲ್ಕರಲ್ಲಿ ಹೀಗಿತ್ತು: "ಜೋಕು. ನಗು ಮುಗಿಯುವವರೆಗೆ ಕಾಯಬೇಕು. ಯಾರೂ ನಗದಿದ್ದರೆ ಮ್ಯಾನೇಜರ್ ಕಡೆ ನೋಡಬೇಕು, ಅವರು ನಗುತ್ತಾರೆ." ಐದರಲ್ಲಿ: "ದನಿ ತಗ್ಗಿಸಿ ಎರಡು ಹೆಜ್ಜೆ ಮುಂದೆ." ಏಳರಲ್ಲಿ: "ಪ್ಯಾಕಿಂಗ್ ಹೆಂಗಸರು ಇಷ್ಟು ಹೊತ್ತಿಗೆ ಹರಟೆ ಶುರು ಮಾಡಿರುತ್ತಾರೆ. ಇವರಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಬೇಗ ಮುಗಿಸುವುದು."

ಈ ಅಕ್ಕ ಹದಿನಾರು ವರ್ಷದಿಂದ ದಿನಾ ಬೆಳಿಗ್ಗೆ "ನಮಸ್ಕಾರ ಸಾರ್" ಎನ್ನುತ್ತಿದ್ದವಳು. ಕಳೆದ ವರ್ಷ ಪಟ್ಟಿ ಕಟ್ಟುವ ಯಂತ್ರಕ್ಕೆ ಬೆಂಕಿ ಹತ್ತಿಕೊಂಡಾಗ, ಅವರು ಕಲಿಸಿದ ಹಾಗೇ ಮೊದಲು ಸ್ವಿಚ್ಚು ಆರಿಸಿ ಆಮೇಲೆ ಮರಳು ಸುರಿದವಳು ಇವಳೇ. ಭೂಮಿ ಬಾಯಿ ಬಿಟ್ಟು ತಮ್ಮನ್ನು ನುಂಗಬಾರದೇ ಎನ್ನಿಸಿತು ಅವರಿಗೆ.

ಆಗ ಒಂಬತ್ತನೇ ಪುಟ ನೆನಪಿಗೆ ಬಂತು.

ತೆಗೆದು ನೋಡಬೇಕಾಗಿರಲಿಲ್ಲ, ಬಾಯಿಪಾಠವಾಗಿತ್ತು. "ಮೂರು ಸೆಕೆಂಡು ಮೌನ. ತಲೆ ಬಗ್ಗಿಸಬೇಕು. ಆಮೇಲೆ ಸ್ಕೇಲಣ್ಣ ವೇದಿಕೆಗೆ. ತಪ್ಪು ನನ್ನದು ಎಂದು ಅವನೇ ಹೇಳಿದರೆ ಜನರಿಗೆ ನಾಟುತ್ತದೆ. ಆ ಎರಡು ದಿನ ಸೆನ್ಸರ್ ಬಂದ್ ಮಾಡಿಸಿದ್ದು ಬಾಯಿ ತಪ್ಪಿಯೂ ಬರಬಾರದು. ಅವನಿಗೂ ಗೊತ್ತಿಲ್ಲ."

ಸ್ಕೇಲಣ್ಣ ಎಂದರೆ ಕಟಿಂಗ್ ಮಷೀನಿನವನು. ಅಳತೆಪಟ್ಟಿ ಇಲ್ಲದೆ ಕಣ್ಣಂದಾಜಿನಲ್ಲೇ ರಟ್ಟನ್ನು ಗೆರೆಗೆ ಸರಿಯಾಗಿ ಒಡ್ಡುತ್ತಿದ್ದನೆಂದು ಆ ಹೆಸರು. ಅಲಗಿನ ಹತ್ತಿರ ಕೈ ಬಂದರೆ ಮಷೀನು ತಾನೇ ನಿಲ್ಲುವ ಸೆನ್ಸರ್ ಇತ್ತು. ಎರಡು ವರ್ಷದ ಹಿಂದೆ, ಕೆಲಸದ ಒತ್ತಡ ಜಾಸ್ತಿಯಾದಾಗ, ರಟ್ಟಿನ ಧೂಳು ಕೂತು ಅದು ಸುಮ್ಮಸುಮ್ಮನೆ ನಿಲ್ಲತೊಡಗಿತು. "ಎರಡು ದಿನ ಬಂದ್ ಇಡೋಣ, ಯಾರಿಗೇನಾಗುತ್ತೆ?" ಎಂದರು ಮ್ಯಾನೇಜರ್. ಸೇಫ್ಟಿ ಸಾರ್ "ಆಯ್ತು" ಎಂದರು. ಕಾಗದ ಇಲ್ಲ, ಪತ್ರ ಇಲ್ಲ, ಬರೀ ಬಾಯಿಮಾತು. ಮಷೀನು ನಡೆಸುವವನಿಗೆ ಅವರು ಹೇಳಿರುತ್ತಾರೆಂದು ಇವರು, ಇವರು ಹೇಳಿರುತ್ತಾರೆಂದು ಅವರು. ಮಾರನೇ ದಿನ ಮಧ್ಯಾಹ್ನ ಸ್ಕೇಲಣ್ಣನ ಎಡಗೈಯ ಎರಡು ಬೆರಳು ಹೋದವು. ಸಂಜೆಯೊಳಗೆ ಸೆನ್ಸರ್ ಮತ್ತೆ ಚಾಲೂ ಆಗಿತ್ತು, ತನಿಖೆಗೆ ಬಂದವರು ಕೈಯ ಬದಲು ಕೋಲು ಒಡ್ಡಿದಾಗ ಮಷೀನು ಚೊಕ್ಕಟವಾಗಿ ನಿಂತಿತು.

ಆಸ್ಪತ್ರೆಯ ಮಂಚದ ಮೇಲೆ ಸ್ಕೇಲಣ್ಣನೇ ಹೇಳಿದ್ದ: "ಮಷೀನು ಯಾವತ್ತೂ ಕೈ ಕೊಟ್ಟಿಲ್ಲ ಸಾರ್. ನಾನೇ ಎಲ್ಲೋ ಮೈಮರೆತು ಸೆನ್ಸರಿಗೆ ಸಿಗದ ಹಾಗೆ ಕೈ ಅಡ್ಡಡ್ಡ ಹಾಕಿರ್ಬೇಕು." ಸೇಫ್ಟಿ ಸಾರ್ ಆಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. "ಹೂಂ" ಎಂದರು. ಆ ಒಂದು ಹೂಂ ಎರಡು ವರ್ಷ ಅವರ ಹೊಟ್ಟೆಯಲ್ಲಿ ಕೂತಿತ್ತು. ಅದರ ಮೇಲೆ ಚೆಂದದ ಸ್ಲೈಡುಗಳನ್ನು ಪೇರಿಸುತ್ತಾ ಬಂದಿದ್ದರು. ಸ್ಕೇಲಣ್ಣನನ್ನು ಉಗ್ರಾಣದಲ್ಲಿ ಕಟ್ಟು ಎಣಿಸಲು ಹಾಕಿದ್ದರು. ಹೊಸಬರು ಸೇರಿದಾಗಲೆಲ್ಲ ಅವನು ಕೈ ಎತ್ತಿ ತೋರಿಸಿ, "ನನ್ನ ಹಾಗೆ ಮಾಡ್ಬೇಡ್ರಪ್ಪ, ಇದು ನನ್ನ ತಪ್ಪು," ಎನ್ನುತ್ತಿದ್ದ.

ಕ್ಯಾಂಟೀನಿನಲ್ಲಿ ಈಗ ನಗು ನಿಂತಿತ್ತು. ಸಾಲು ಸಾಲಾಗಿ ಪುಟ ತಿರುವುವ ಸದ್ದೂ ನಿಂತಿತ್ತು. ಎಲ್ಲರೂ ಒಂದೇ ಪುಟದಲ್ಲಿ ಇದ್ದಾರೆ ಎಂದು ಸಾರ್‌ಗೆ ಗೊತ್ತಾಯಿತು.

ಮ್ಯಾನೇಜರ್ ಎದ್ದು ಬಂದು ಪಿಸುದನಿಯಲ್ಲಿ ಗದರಿದರು. "ವಾಪಸ್ ಇಸ್ಕೊಳ್ರೀ ಎಲ್ಲಾನೂ! ತಪ್ಪು ಪ್ರಿಂಟಾಗಿದೆ ಅಂತ ಹೇಳಿ. ಈಗಲೇ!"

ಸಾರ್ ಮೈಕಿನ ಕಡೆ ತಿರುಗಿದರು. ತಪ್ಪು ಪ್ರಿಂಟಾಗಿದೆ ಎನ್ನುವುದೇನೂ ಸುಳ್ಳಲ್ಲ. ಹೇಳಲು ಬಾಯಿ ತೆರೆದರು. ಬೆವರಿದ ಕೈಯಲ್ಲಿದ್ದ ರಿಮೋಟು ಯಾವಾಗ ಒತ್ತಿಹೋಯಿತೋ, ಸ್ಲೈಡುಗಳು ಒಂದರ ಹಿಂದೊಂದು ಓಡಿ ಒಂಬತ್ತರಲ್ಲಿ ನಿಂತವು. ಪರದೆಯ ತುಂಬ ಒಂದು ಅಂಗೈ, ಅದರ ಕೆಳಗೆ ದೊಡ್ಡಕ್ಷರದಲ್ಲಿ: ಒಂದು ಕ್ಷಣದ ಅಜಾಗರೂಕತೆ.

ಕೈಯ ಚಿತ್ರ ಬಂದ ಕೂಡಲೇ ಮೇಲೆ ಬರಬೇಕೆಂದು ಅವರೇ ಸ್ಕೇಲಣ್ಣನಿಗೆ ಹೇಳಿಟ್ಟಿದ್ದರು. ಮೂರನೇ ಸಾಲಿನಲ್ಲಿ ಸ್ಕೇಲಣ್ಣ ಎದ್ದ. ಇವತ್ತಿಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಕಟ್ಟನ್ನು ಒಂಬತ್ತನೇ ಪುಟಕ್ಕೆ ಮಡಚಿ ಹಿಡಿದು, ಜನ ಕಾಲು ಸರಿಸಿ ಬಿಟ್ಟ ದಾರಿಯಲ್ಲಿ ನಿಧಾನಕ್ಕೆ ಬಂದು ಮೈಕಿನ ಪಕ್ಕ ನಿಂತ. ಜನರ ಕಡೆ ತಿರುಗಲಿಲ್ಲ.

"ಸಾರ್, ಇದು ನೀವೇ ಬರ್ದಿದ್ದಾ?"

"ಹೌದು."

"ಆವತ್ತು ಸೆನ್ಸರ್ ಇರ್ಲಿಲ್ವಾ?"

"ಇರ್ಲಿಲ್ಲ."

ಸ್ಕೇಲಣ್ಣ ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಸಾರ್ ಕಾದರು. ಹೊಡೆದರೆ ಒಳ್ಳೆಯದಿತ್ತು. ಅವನು ಪುಟವನ್ನೇ ನೋಡುತ್ತಾ, ಲೆಕ್ಕ ತಾಳೆ ಹಾಕುವವನ ಹಾಗೆ ಹುಬ್ಬು ಗಂಟಿಕ್ಕಿದ.

"ಹಾಗಾದ್ರೆ ನಾನು ಕೈ ಸರಿಯಾಗೇ ಹಾಕಿದ್ದೆ?"

ಮೈಕು ಚಾಲೂ ಇತ್ತು. ಆ ಪ್ರಶ್ನೆ ಕ್ಯಾಂಟೀನಿನ ಮೂಲೆಮೂಲೆಗೂ ಹೋಯಿತು.

"ಸರಿಯಾಗೇ ಹಾಕಿದ್ರಿ," ಎಂದರು ಸಾರ್. "ನಿಮ್ಮ ತಪ್ಪೇನೂ ಇಲ್ಲ. ತಪ್ಪು ನಂದು. ಆವತ್ತೇ ಗೊತ್ತಿತ್ತು ನಂಗೆ." ಇನ್ನೂ ಏನೋ ಹೇಳಬೇಕೆಂದಿದ್ದರು. ಕ್ಷಮೆ ಎಂಬ ಪದ ಹೇಳಲು ನಾಚಿಕೆಯಾಯಿತು. ಅದನ್ನೂ ಎಲ್ಲೋ ಬರೆದುಕೊಂಡು ಬಂದು ಓದುತ್ತಿದ್ದಾರೆ ಎಂದೇ ಈ ಜನ ತಿಳಿಯುತ್ತಾರೆ, ತಿಳಿದರೆ ತಪ್ಪೂ ಇಲ್ಲ.

ಸ್ಕೇಲಣ್ಣ ತಲೆಯಾಡಿಸಿದ. ಎರಡು ವರ್ಷದಲ್ಲಿ ಮೊದಲ ಸಲ ಅವನ ಭುಜ ಸ್ವಲ್ಪ ಮೇಲೆದ್ದ ಹಾಗೆ ಕಂಡಿತು. ಅದನ್ನು ನೋಡಿದ್ದೇ ಸಾರ್‌ಗೆ ತಲೆ ಎತ್ತಲಾಗದೆ ಹೋಯಿತು.

"ಇದನ್ನ ಮನೆಗೆ ತಗೊಂಡು ಹೋಗ್ತೀನಿ ಸಾರ್. ನನ್ನ ಹೆಂಡ್ತಿ ಈಗ್ಲೂ ನನ್ನ ಕೈಗೆ ಚಾಕು ಕೊಡಲ್ಲ. ಒಂದು ಈರುಳ್ಳಿ ಹೆಚ್ಚಕ್ಕೂ ಬಿಡಲ್ಲ. ಮೈಮೇಲೆ ಎಚ್ಚರ ಇಲ್ಲದವನು ಅಂತಾಳೆ." ಅವನು ಪುಟವನ್ನು ಮೈಕಿನ ಮುಂದಿನ ಓರೆ ಹಲಗೆಯ ಮೇಲೆ ಇಟ್ಟ. "ಬರೀ ಪ್ರಿಂಟು ತೋರಿಸಿದ್ರೆ ನಂಬಲ್ಲ ಅವ್ಳು. ಕೆಳಗೊಂದು ಸಹಿ ಹಾಕ್ಕೊಡಿ."

"ಸಹಿ ಗಿಹಿ ಏನೂ ಬೇಡ!" ಎಂದು ಮ್ಯಾನೇಜರ್ ಕೂಗಿದರು. "ಹಾಕಿದ್ರೋ, ನಿಮ್ಮ ಕೆಲಸ ಉಳಿಯಲ್ಲ ರೀ, ಹೇಳಿದೀನಿ!"

ಸೇಫ್ಟಿ ಸಾರ್ ಜೇಬು ತಡಕಿದರು. ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು. ಹಲಗೆ ಓರೆಯಾಗಿದ್ದರಿಂದ ಕಾಗದ ನಿಲ್ಲುತ್ತಿರಲಿಲ್ಲ. ಅವರು ನಿಬ್ಬು ಊರುವಷ್ಟರಲ್ಲಿ ಕೆಳಗೆ ಜಾರುತ್ತಿತ್ತು. ಸ್ಕೇಲಣ್ಣ ತನ್ನ ಎಡಗೈ ಚಾಚಿ, ಉಳಿದ ಮೂರು ಬೆರಳಿನಿಂದ ಕಾಗದದ ಅಂಚನ್ನು ಅದುಮಿ ಹಿಡಿದುಕೊಂಡ.

"ಈಗ ಬರೀರಿ ಸಾರ್," ಎಂದ.