ಸುಬ್ರಾಯನ ಬದಲಿ

ಸ್ಪಿರಿಟ್ ವಾಸನೆ, ಅದರ ಮೇಲೆ ಗಂಡನ ಮೈಯಿಂದ ಸಾಂಬಾರಿನ ವಾಸನೆ, ತುಂಗಾ ಮೂಗು ಮುಚ್ಚಲಿಲ್ಲ, ಅವನ ಕುರ್ಚಿಗೆ ಅಂಟಿಕೊಂಡೇ ನಿಂತಳು, ನೀನು ಹೊರಗೆ ಕೂತ್ಕೊ ಎಂದು ಸುಬ್ರಾಯ ಗೊಣಗಿದ್ದ, ಕೂರುವುದಿಲ್ಲ, ಹೋದ ಸಲ ನಂಬಿ ಮನೆಯಲ್ಲಿ ಕೂತದ್ದು ಸಾಕು — ನರ್ಸು ಅವನ ತೋಳು ಮಡಚುತ್ತಾಳೆ, ಎಣ್ಣೆ ಸಿಡಿದು ಅಲ್ಲಲ್ಲಿ ಸುಟ್ಟ ಕೈ, ಮೊಣಕೈಯ ಒಳಮಗ್ಗುಲು ಮಾತ್ರ ನುಣ್ಣಗೆ, ಆ ನುಣುಪು ಕಂಡೇ ಅಲ್ಲವೇ ತುಂಗಾ ಅವನ ಸುಳ್ಳು ಹಿಡಿದದ್ದು, ಡಾಕ್ಟರಲ್ಲ, ಅತ್ತೆಯಲ್ಲ, ಅವಳೇ. ಎರಡು ಕೂಸು ಹೊಟ್ಟೆಯಲ್ಲೇ ಸತ್ತವು, ಊರಿನ ನಾಗನಿಗೆ ಹಾಲು ಹೊಯ್ಯಿಸಿದ್ದಾಯಿತು, ಈಗ ಮೂರನೆಯದು, ಐದು ತಿಂಗಳು, ಲೇಡಿ ಡಾಕ್ಟರು ರಕ್ತ ನೋಡಿ ಹೇಳಿದರು, ಇದು ಸಿಫಿಲಿಸ್, ನಾಗ ಅಲ್ಲ, ನಿನಗೆ ಪೆನಿಸಿಲಿನ್ ಇವತ್ತೇ ಶುರು, ಕೂಸು ಉಳಿಯಬಹುದು, ಆದರೆ ಗಂಡನಿಗೂ ಮದ್ದಾಗದಿದ್ದರೆ ಅವನಿಂದ ಮತ್ತೆ ನಿನಗೆ ಬರುತ್ತದೆ, ಪುರುಷನೆ ಅನುಪ್ಪು ಅಮ್ಮಾ, ಗಂಡನನ್ನು ರಕ್ತಪರೀಕ್ಷೆಗೆ ಕಳಿಸು. ಕಳಿಸಿದಳು. ರಿಪೋರ್ಟು ಬಂತು, ಸುಬ್ರಾಯನ ರಕ್ತ ಶುದ್ಧ. ಅತ್ತೆ ಅಂಬುಜಮ್ಮ ತಟ್ಟೆ ಕುಕ್ಕಿದರು, ನಮ್ಮ ಮಾಣಿ ಚೊಕ್ಕ ಉಂಟು, ಇವಳು ಎಲ್ಲಿಂದ ತಂದಳೋ — ತುಂಗಾ ಅಳಲಿಲ್ಲ, ತಾನು ಎಲ್ಲಿಂದಲೂ ತಂದಿಲ್ಲವೆಂದು ಗೊತ್ತಿರುವವಳು ಯಾಕೆ ಅಳಬೇಕು, ಮಾರನೆಯ ದಿನ ಅಭ್ಯಂಜನಕ್ಕೆ ಅವನ ಕೈಗೆ ಎಣ್ಣೆ ತಿಕ್ಕುವಾಗ ನೋಡಿದಳು, ಸೂಜಿಯ ಗುರುತಿಲ್ಲ, ತನ್ನ ಕೈಯಲ್ಲಿ ವಾರವಾದರೂ ನೀಲಿ ಇತ್ತು. ಸಂಜೆ ಗಂಡನ ಹೋಟೆಲಿನಲ್ಲಿ ದೋಸೆಕಲ್ಲು ನೋಡುವ ರಾಮದಾಸ ಮನೆಗೆ ಬಂದ, ಮೊಣಕೈಯ ಒಳಮಗ್ಗುಲಲ್ಲಿ ಸೂಜಿ ಚುಚ್ಚಿದ ಕಡೆ ಪುಟ್ಟ ಪ್ಲಾಸ್ಟರು, ಕೇಳಿದರೆ ಹಲ್ಲುಕಿರಿದ, ಎಂತ ಮಾಡುದು ತುಂಗಕ್ಕ, ಸಾಂಬಾರಿನ ಹಂಡೆ ಬಿಟ್ಟು ಬರ್ಲಿಕ್ಕಾಗುದಿಲ್ಲ ಅಂತ ಸುಬ್ರಾಯಣ್ಣ ರಕ್ತ ಕೊಡ್ಲಿಕ್ಕೆ ನನ್ನನ್ನು ಬದಲಿಗೆ ಕಳಿಸಿದ್ರು, ಹೆಸರು ಅವರದ್ದೇ ಹೇಳು ಅಂದ್ರು. ಹೋಟೆಲಿನವರಿಗೆ ಅದು ಸುಳ್ಳೇ ಅಲ್ಲ, ಒಬ್ಬ ಮಲಗಿದರೆ ಇನ್ನೊಬ್ಬ ಅವನ ಒಲೆಯ ಮುಂದೆ ನಿಲ್ಲುತ್ತಾನೆ, ರಕ್ತವನ್ನೂ ಹಾಗೇ ಅಂದುಕೊಂಡರು. ಹೆಂಗಸರು ಕಾಲಿಡದ ಹೋಟೆಲಿನ ಅಡುಗೆಮನೆಗೆ ಇವತ್ತು ಹಿತ್ತಲ ಬಾಗಿಲಿಂದ ಹೊಕ್ಕಳು, ಪುರಸೈವಾಕ್ಕದ ಊಟದ ಗಿರಾಕಿಗಳು ಹೊರಗೆ ಗದ್ದಲ, ಏಳಿ, ಆಸ್ಪತ್ರೆಗೆ ಎಂದಳು, ಮಾರಾಯ್ತಿ ಎಲ್ಲರೆದುರು ಬೇಡ ಎಂದ ಸುಬ್ರಾಯ, ಧಣಿಗಳು ಗಲ್ಲಾದಿಂದ ಎದ್ದು ಬಂದರು, ಸಾಂಬಾರು ಯಾರು ನೋಡುದು? ರಾಮದಾಸ ನೋಡ್ತಾನೆ, ಅವನಿಗೆ ಬದಲಿ ನಿಂತು ಅಭ್ಯಾಸ ಉಂಟಲ್ಲ, ಎಂದಳು ತುಂಗಾ — ಅಡುಗೆಮನೆ ಇಡೀ ನಕ್ಕಿತು, ಸುಬ್ರಾಯ ಸೌಟು ಇಟ್ಟ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಬಾಯಿಬಿಟ್ಟ, ಮದುವೆಗೆ ಮೊದಲು ಅಲ್ಲಿ ಒಂದು ಹುಣ್ಣಾಗಿತ್ತು, ನೋವಿರಲಿಲ್ಲ, ಒಲೆಯ ಉಷ್ಣ ಅಂತ ಎಳನೀರು ಕುಡಿದೆ, ಒಣಗಿತು. ಒಣಗಿದ್ದು ಹುಣ್ಣು, ರೋಗ ರಕ್ತಕ್ಕಿಳಿದಿತ್ತು, ಎಂದಳು ತುಂಗಾ, ಹಿಂದಿನ ಸೀಟಿಗೂ ಕೇಳುವಷ್ಟು ಗಟ್ಟಿಯಾಗಿ, ತನ್ನ ದನಿ ತನಗೇ ಹಿತವಾಗಿತ್ತು. ಸೂಜಿ ದಪ್ಪ ಉಂಟಲ್ಲ ಎನ್ನುತ್ತಾನೆ ಈಗ, ಕುದಿಯುವ ಎಣ್ಣೆ ಹತ್ತಿರ ಬದುಕುವವರಿಗೆ ಸೂಜಿ ಎಂತ, ಕೈ ಅಲ್ಲಾಡಿಸ್ಬೇಡಿ, ತುಂಗಾ ತಾನೇ ಅವನ ಮಣಿಕಟ್ಟು ಹಿಡಿಯುತ್ತಾಳೆ, ನರ್ಸು ನಗುತ್ತಾಳೆ, ಅವನು ಕಣ್ಣು ಮುಚ್ಚಿದ, ಅವಳು ಮುಚ್ಚಲಿಲ್ಲ, ಸಿರಿಂಜಿನ ಗಾಜಿನ ತಳದಲ್ಲಿ ಒಂದು ಹನಿ, ಗಾಢ ಕೆಂಪು, ಏರುತ್ತದೆ, ಇವನದೇ, ನಿಧಾನವಾಗಿ, ಏರುತ್ತದೆ, ಗಾಜು, ಕೆಂಪು, ಇವನದೇ —